ಕುಡಿಯುವ ವಯಸ್ಸು 21ರಿಂದ 18ಕ್ಕೆ ಇಳಿಸಬೇಕಾ? ಆಲ್ದೂರಿನ ಹೋಂಸ್ಟೇಯಿಂದ ಒಂದು ಪ್ರಶ್ನೆ

ಕಾಫಿಕಣ, ಆಲ್ದೂರು ಹತ್ತಿರ · ಸೋಮವಾರ ಬೆಳಿಗ್ಗೆ 6:50

ನಮಸ್ಕಾರ. ತೋಟದ ಜೊತೆಗೆ ನಾಲ್ಕು ಕೋಣೆಯ ಹೋಂಸ್ಟೇ ನಡೆಸುತ್ತೇನೆ. ಮೊನ್ನೆ ಶನಿವಾರ ನಡೆದದ್ದು ಹೇಳಿ ಒಂದು ಪ್ರಶ್ನೆ ಕೇಳಬೇಕಿತ್ತು. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಬೆಂಗಳೂರಿನಿಂದ ಆರು ಹುಡುಗರು ಬಂದಿದ್ದರು. ಬಂದವರೆಲ್ಲರ ಆಧಾರ್ ತೆಗೆದಿಟ್ಟುಕೊಳ್ಳುತ್ತೇನೆ, ಹಾಗಾಗಿ ವಯಸ್ಸು ಗೊತ್ತು. ಒಬ್ಬನಿಗೆ 22. ಉಳಿದ ಐದು ಜನಕ್ಕೆ 19, 20. ಡಿಕ್ಕಿ ತೆಗೆದರೆ ಬ್ಯಾಗಿಗಿಂತ ಮೊದಲು ಇಳಿದದ್ದು ಬಿಯರ್ ಕೇಸು. ಜೊತೆಗೆ ಎರಡು ಫುಲ್ ಬಾಟಲಿ. ಚಿಕ್ಕಮಗಳೂರು ಪೇಟೆಯಲ್ಲಿ ತಗೊಂಡು ಬಂದಿದ್ದರು.

ನಾನು ಮೆತ್ತಗೆ ಹೇಳಿದೆ, ನಿಮಗಿನ್ನೂ 21 ಆಗಿಲ್ಲ, ಬೇಡ ಅಂತ. ಒಬ್ಬ ನಗುತ್ತಾ ಅಂದ, "ಅಂಕಲ್, ಓಟು ಹಾಕಿ ಸರ್ಕಾರ ತಂದಿದ್ದೀವಿ. ಬಿಯರ್ ಬೇಡ ಅಂತೀರಲ್ಲ." ನನಗೆ ಏನು ಹೇಳಬೇಕು ತೋಚಲಿಲ್ಲ. ನಿಜ ಹೇಳಬೇಕೆಂದರೆ ಎರಡು ದಿನದ ಬಾಡಿಗೆ ಮುಂಗಡ ಬಂದಿತ್ತು. ಸುಮ್ಮನಾದೆ. ಬೆಂಕಿ ಹಾಕಿ ಕೊಟ್ಟೆ, ಅದಕ್ಕೂ ದುಡ್ಡು ತಗೊಂಡೆ.

ರಾತ್ರಿ ಎರಡು ಗಂಟೆಗೆ ನಾಯಿ ಬೊಗಳಿತು. ಹೋಗಿ ನೋಡಿದರೆ ಕಾಫಿ ಒಣಗಿಸುವ ಕಣದಲ್ಲಿ ಒಬ್ಬ ಮಲಗಿದ್ದಾನೆ, 19ರ ಹುಡುಗ. ಮೈಮೇಲೆ ಬರೀ ಟೀ ಶರ್ಟು. ಇಬ್ಬನಿಗೆ ಒದ್ದೆ ಆಗಿತ್ತು. ಕರೆದರೆ "ಹ್ಞೂಂ" ಅನ್ನುವುದೂ ಕಷ್ಟ. ಉಳಿದವರು ಒಳಗೆ ಗೊರಕೆ. ನಾನು ಮತ್ತು ಮನೆಯವಳು ಅವನನ್ನು ಎತ್ತಿ ತಂದು, ಬಾಯಿಗೆ ಮಜ್ಜಿಗೆ ಹೊಯ್ದು, ಬೆಳಗಿನವರೆಗೂ ಕೂತೆವು. ಬೆಳಿಗ್ಗೆ ಒಂಬತ್ತಕ್ಕೆ ಎದ್ದು ಕಡುಬು ತಿಂದು ಹೋದ, ಏನೂ ಆಗದವನ ಹಾಗೆ.

ಆ ರಾತ್ರಿ ಮನೆಯವಳು ಕೇಳಿದಳು, ಇವನಿಗೆ ಏನಾದರೂ ಆಗಿದ್ದರೆ ಯಾರು ಹೊಣೆ? ಮಾರಿದವನಾ, ತಂದವನಾ, ಜಾಗ ಕೊಟ್ಟ ನಾವಾ?

ನನ್ನ ಪ್ರಶ್ನೆ ಇಷ್ಟು. 21 ಅನ್ನುವುದು ಯಾರೂ ಪಾಲಿಸದ ಲೆಕ್ಕ. ಅದನ್ನು 18 ಮಾಡಿ ಮುಚ್ಚುಮರೆ ತೆಗೆದರೆ ಒಳ್ಳೆಯದಾ? ಇಲ್ಲಾ ಇನ್ನೂ ಹಾಳಾಗುತ್ತಾ? ನನಗೆ ಎರಡೂ ಕಡೆ ಮನಸ್ಸು ಎಳೆಯುತ್ತಿದೆ.

ಕೊನೇ ಬೆಂಚು, ಹಾಸನ · ಸೋಮವಾರ 9:15

ನನಗೆ 20. ಹಾಸನದಲ್ಲಿ ಹಾಸ್ಟೆಲ್‌ನಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದೇನೆ. ಇಳಿಸಬೇಕು ಅನ್ನುವವನು ನಾನು.

18ಕ್ಕೆ ಓಟು ಹಾಕಬಹುದು. ಗಾಡಿ ಓಡಿಸಬಹುದು. ಜಮೀನು ಮಾರಬಹುದು. ಹದಿನೇಳೂವರೆಗೆ ಅಗ್ನಿವೀರ ಆಗಿ ಬಂದೂಕು ಹಿಡಿಯಬಹುದು. ತಪ್ಪು ಮಾಡಿದರೆ ದೊಡ್ಡವರ ಜೈಲಿಗೇ ಹಾಕುತ್ತಾರೆ, "ಪಾಪ, ಇನ್ನೂ 21 ಆಗಿಲ್ಲ" ಅನ್ನಲ್ಲ. ಬಿಯರ್ ಒಂದಕ್ಕೆ ಮಾತ್ರ ನಾವು ಮಕ್ಕಳು.

ಇನ್ನೊಂದು. ನಮ್ಮ ಕ್ಲಾಸಿನವರು ಎಲ್ಲಿ ಕುಡಿಯುತ್ತಾರೆ ಗೊತ್ತಾ? ಊರಾಚೆ ಮನೆ ಕಟ್ಟದ ಲೇಔಟ್‌ಗಳಲ್ಲಿ. ಕತ್ತಲೆಯಲ್ಲಿ, ಬೈಕಿನ ಸೀಟಿನ ಮೇಲೆ ಪ್ಲಾಸ್ಟಿಕ್ ಲೋಟ ಇಟ್ಟು. ಬೀಟ್ ಪೊಲೀಸರು ಬರುವ ಮೊದಲು ಮುಗಿಸಬೇಕು ಅಂತ ಕ್ವಾರ್ಟರ್ ಅನ್ನು ಹತ್ತು ನಿಮಿಷದಲ್ಲಿ ಇಳಿಸುತ್ತಾರೆ. ಆಮೇಲೆ ಅದೇ ಬೈಕಲ್ಲಿ ವಾಪಸ್. ಕೂತು ನಿಧಾನಕ್ಕೆ ಕುಡಿಯಲು ಬಿಟ್ಟರೆ ಹೀಗಾಗಲ್ಲ. ಕದ್ದು ಕುಡಿಯೋದೇ ಜಾಸ್ತಿ ಅಪಾಯ.

ಕರಿಕೋಟು, ಹಾಸನ · ಸೋಮವಾರ 10:40

ವಕೀಲಿ ಮಾಡುವವನು. ಮೊದಲು ಕಾನೂನು ಏನಿದೆ ನೋಡೋಣ, ಇದರಲ್ಲಿ ಒಂದು ತಮಾಷೆ ಇದೆ.

ಕರ್ನಾಟಕ ಅಬಕಾರಿ ಕಾಯ್ದೆ 1965ರದ್ದು. ಅದರ 36ನೇ ಕಲಂ ಪ್ರಕಾರ 18 ತುಂಬದವರಿಗೆ ಮಾರಿದರೆ ಅಪರಾಧ. ಆದರೆ ಲೈಸೆನ್ಸ್ ಷರತ್ತುಗಳ ನಿಯಮಗಳು 1967ರಲ್ಲಿ ಬಂದವು. ಅದರ 10ನೇ ನಿಯಮದಲ್ಲಿ 21 ಅಂತಿದೆ. ಕಾಯ್ದೆ 18 ಅನ್ನುತ್ತೆ, ಅದರ ಹೊಟ್ಟೆಯಲ್ಲಿ ಹುಟ್ಟಿದ ನಿಯಮ 21 ಅನ್ನುತ್ತೆ. ಈ ಗೊಂದಲ ತೆಗೆಯುತ್ತೇವೆ ಅಂತ 2023ರ ಜನವರಿಯಲ್ಲಿ ಸರ್ಕಾರ ಒಂದು ಕರಡು ತಂದಿತ್ತು. ನಿಯಮದ 21 ಅನ್ನು 18 ಮಾಡುವುದು, ಆಕ್ಷೇಪಣೆ ಇದ್ದವರು 30 ದಿನದಲ್ಲಿ ಹೇಳಿ ಅಂತ. 30 ದಿನ ಕಾಯುವ ಅಗತ್ಯವೇ ಬರಲಿಲ್ಲ. ಕೆಲವೇ ದಿನಗಳಲ್ಲಿ ಎಲ್ಲ ಕಡೆಯಿಂದ ಬೈಗುಳ ಬಂತು, ಚುನಾವಣೆ ಬೇರೆ ಹತ್ತಿರ ಇತ್ತು, ಕರಡು ವಾಪಸ್. 21 ಉಳಿಯಿತು.

ಕಾಫಿಕಣ ಅವರೇ, ನಿಮ್ಮ ಮನೆಯವರು ಕೇಳಿದ್ದು ಒಳ್ಳೆ ಪ್ರಶ್ನೆ. 21 ಅನ್ನುವುದು ಲೈಸೆನ್ಸ್ ಷರತ್ತು. ಅದು ಕಟ್ಟಿಹಾಕುವುದು ಮಾರುವವನನ್ನು. ಅಂಗಡಿಯವನು 22ರ ಹುಡುಗನಿಗೆ ಕೊಟ್ಟ. ಅವನ ಲೆಕ್ಕದಲ್ಲಿ ಸರಿ. ಆ ಹುಡುಗ ಉಳಿದವರಿಗೆ ಹಂಚಿದ. ಅಲ್ಲಿಗೆ ಷರತ್ತಿನ ಕೈ ನಿಲುಕಲ್ಲ. ಆದರೆ ಅವರಲ್ಲಿ ಒಬ್ಬನಿಗೆ 17 ಆಗಿದ್ದರೆ ಕಥೆಯೇ ಬೇರೆ. ಬಾಲನ್ಯಾಯ ಕಾಯ್ದೆ 2015ರ 77ನೇ ಕಲಂ ಬರುತ್ತೆ. 18 ತುಂಬದವರಿಗೆ ಮದ್ಯ ಕೊಟ್ಟವರಿಗೆ 7 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಅದಕ್ಕೆ ಅಂಗಡಿಯವನೇ ಆಗಬೇಕೆಂದಿಲ್ಲ. ಚಿಕ್ಕಪ್ಪ, ಮಾವ, ಗೆಳೆಯ ಯಾರಾದರೂ ಆಗಬಹುದು.

ಮತ್ತೆ, ಲೈಸೆನ್ಸ್ ಇಲ್ಲದೆ ಹೋಂಸ್ಟೇಯಲ್ಲಿ ನೀವೇ ಮಾರಿದರೆ ಯಾವ ವಯಸ್ಸಿನವನಿಗೆ ಮಾರಿದರೂ ತಪ್ಪೇ. ನೀವು ಮಾರಲ್ಲ ಅಂತ ನಂಬುತ್ತೇನೆ.

ಕಾಫಿಕಣ · ಸೋಮವಾರ 10:52

ಇಲ್ಲ ಸಾರ್, ದೇವರಾಣೆ ಮಾರಲ್ಲ. ನೀರಿನ ಬಾಟಲಿ, ಮೊಟ್ಟೆ, ಕೋಳಿ ಅಷ್ಟೇ.

ಕೊಟ್ಟಿಗೆಹಾರ ಮಂಜು · ಸೋಮವಾರ 11:05

ಕೋಳಿಗೆ ಎಷ್ಟು ವಯಸ್ಸಾಗಿರಬೇಕು ಮಾರಾಯ್ರೇ?

ಕೌಂಟರ್ ಹಿಂದೆ, ಅರಸೀಕೆರೆ · ಸೋಮವಾರ ಮಧ್ಯಾಹ್ನ 1:30

ಎಂಟು ವರ್ಷ ಒಂದು ಎಂಆರ್‌ಪಿ ಮದ್ಯದಂಗಡಿಯಲ್ಲಿ ಕೌಂಟರ್ ನೋಡಿಕೊಂಡೆ. ಊರು, ಅಂಗಡಿ ಹೆಸರು ಬೇಡ. ಈಗ ಬಿಟ್ಟಿದ್ದೇನೆ.

ಗೋಡೆ ಮೇಲೆ ಬೋರ್ಡು ಇತ್ತು, 21 ವರ್ಷದೊಳಗಿನವರಿಗೆ ಮಾರಾಟವಿಲ್ಲ ಅಂತ. ಅದರ ಮುಂದೆ ಬಿಯರ್ ಕೇಸು ಪೇರಿಸಿಟ್ಟು ಕೊನೆಗೆ "ಮಾರಾಟವಿಲ್ಲ" ಅನ್ನುವ ಸಾಲು ಮಾತ್ರ ಕಾಣುತ್ತಿತ್ತು. ಎಂಟು ವರ್ಷದಲ್ಲಿ ನಾನು ಐಡಿ ಕೇಳಿದ್ದು ಎರಡು ಸಲ. ಎರಡು ಸಲವೂ ಮಾಲೀಕರಿಂದ ಬೈಸಿಕೊಂಡೆ. "ನೀನೇನು ಪಾಸ್‌ಪೋರ್ಟ್ ಆಫೀಸರಾ?" ಅಂದರು. ಸಂಜೆ ಏಳರಿಂದ ಒಂಬತ್ತರವರೆಗೆ ಕಬ್ಬಿಣದ ಜಾಲರಿಯ ಆ ಕಡೆ ಬರೀ ಕೈಗಳು ಕಾಣುತ್ತವೆ. ಮುಖ ನೋಡಲು ಪುರುಸೊತ್ತಿಲ್ಲ. ನಾನು ಕೈ ನೋಡಿಯೇ ವಯಸ್ಸು ಹೇಳುವಷ್ಟು ಪಳಗಿದ್ದೆ, ಹೇಳಿ ಏನು ಪ್ರಯೋಜನ.

ಒಬ್ಬ ಹುಡುಗ ಇನ್ನೂ ಕಣ್ಣಲ್ಲಿದ್ದಾನೆ. ಹೈಸ್ಕೂಲು. ಯೂನಿಫಾರ್ಮ್ ಮೇಲೆ ಸ್ವೆಟರ್ ಹಾಕಿಕೊಂಡು ಬರುತ್ತಿದ್ದ. ದುಡ್ಡನ್ನು ಒಂದು ಚೀಟಿಯಲ್ಲಿ ಸುತ್ತಿರುತ್ತಿದ್ದ. ಚೀಟಿಯಲ್ಲಿ ಅಪ್ಪನ ಕೈಬರಹದಲ್ಲಿ ಬ್ರಾಂಡ್ ಹೆಸರು, ಪಕ್ಕದಲ್ಲಿ "180". ಅವನಿಗೆ ಕೊಡಬಾರದು ಅಂತ ನನಗೆ ಗೊತ್ತು. ಕೊಡದಿದ್ದರೆ ಅಪ್ಪ ಬಂದು ಅಂಗಡಿ ಮುಂದೆ ಗಲಾಟೆ ಮಾಡುತ್ತಾನೆ, ಮನೆಗೆ ಹೋಗಿ ಹುಡುಗನಿಗೆ ಹೊಡೆಯುತ್ತಾನೆ. ಕೊಡುತ್ತಿದ್ದೆ. ಚೀಟಿ ಮಾತ್ರ ವಾಪಸ್ ಕೇಳುತ್ತಿದ್ದ, ನಾಳೆಗೆ ಬೇಕು ಅಂತ.

18 ಮಾಡಿ, 25 ಮಾಡಿ. ಜಾಲರಿ ಹಿಂದೆ ಕೂತವನಿಗೆ ಕೇಳುವ ಧೈರ್ಯ ಇಲ್ಲದಿದ್ದರೆ ಆ ನಂಬರ್ ಸುಮ್ನೆ ಗೋಡೆಗೆ.

ಕೊನೇ ಬೆಂಚು · ಸೋಮವಾರ 1:44

ಅದನ್ನೇ ನಾನು ಹೇಳಿದ್ದು ಅಣ್ಣ. ಹೇಗೂ ಯಾರೂ ಕೇಳಲ್ಲ. ಅಂದಮೇಲೆ 21 ಯಾಕೆ ಬೇಕು?

ಕೌಂಟರ್ ಹಿಂದೆ · ಸೋಮವಾರ 2:10

ಇಲ್ಲ ತಮ್ಮಾ, ನಾನು ಅದನ್ನಲ್ಲ ಹೇಳಿದ್ದು. ಇವತ್ತು 21 ಅಂತ ಇದೆ, 16ರವನಿಗೂ ಸಿಗುತ್ತಿದೆ. ನಾಳೆ 18 ಅಂದರೆ 13ರವನು ಬರುತ್ತಾನೆ. ಗೆರೆ ಎಲ್ಲಿ ಎಳೆದರೂ ಅದರಿಂದ ನಾಲ್ಕೈದು ವರ್ಷ ಕೆಳಗಿನವರು ಜಾಲರಿಗೆ ಕೈ ಹಾಕುತ್ತಾರೆ. ಕೌಂಟರಿನಲ್ಲಿ ಕೂತು ಕಲಿತ ಲೆಕ್ಕ ಇದು.

ರಾತ್ರಿ ಪಾಳಿ, ಹಾಸನ · ಸೋಮವಾರ ಸಂಜೆ 5:20

ನಾನು ನರ್ಸ್. ತುರ್ತು ವಿಭಾಗದಲ್ಲಿ ಹನ್ನೊಂದು ವರ್ಷ. ಈಗ ಎದ್ದು ಓದಿದೆ. ಕಾಫಿಕಣ ಅಣ್ಣ, ಮೊದಲು ನಿಮಗೆ ಎರಡು ಮಾತು ಬೈಯಬೇಕು.

ಎಚ್ಚರ ಇಲ್ಲದವನ ಬಾಯಿಗೆ ಮಜ್ಜಿಗೆ ಹೊಯ್ದಿರಲ್ಲ, ಅದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗಿದ್ದರೆ? ನಿಮ್ಮ ಪುಣ್ಯ. ಮಜ್ಜಿಗೆ, ನಿಂಬೆಹಣ್ಣು, ಕಾಫಿ, ತಣ್ಣೀರು ಯಾವುದೂ ಅಮಲು ಇಳಿಸಲ್ಲ. ಇಳಿಸುವುದು ಲಿವರ್ ಮಾತ್ರ. ಅದಕ್ಕೆ ಅವಸರ ಇಲ್ಲ, ಒಂದು 30 ಎಂಎಲ್ ಪೆಗ್ಗಿಗೆ ಹೆಚ್ಚುಕಡಿಮೆ ಒಂದು ಗಂಟೆ ತಗೊಳ್ಳುತ್ತೆ. ಇನ್ನೊಂದು ಸಲ ಹೀಗಾದರೆ ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ, ವಾಂತಿ ಬಂದರೆ ಹೊರಗೆ ಹೋಗಲಿ. ಬಾಯಿಗೆ ಏನೂ ಹಾಕಬೇಡಿ. ಕಂಬಳಿ ಹೊದಿಸಿ. ಕುಡಿದಾಗ ಮೈ ಬಿಸಿ ಅನಿಸುತ್ತೆ, ಆದರೆ ಒಳಗಿನ ಶಾಖ ಚರ್ಮದಿಂದ ಹೊರಗೆ ಹೋಗುತ್ತಿರುತ್ತೆ. ನಿಮ್ಮ ಕಡೆಯ ಚಳಿಗೆ ಟೀ ಶರ್ಟಲ್ಲಿ ಕಣದಲ್ಲಿ ಬೆಳಗಿನವರೆಗೆ ಬಿದ್ದಿದ್ದರೆ ಕಷ್ಟ ಇತ್ತು. ಅಲುಗಾಡಿಸಿದರೂ ಏಳದಿದ್ದರೆ, ಉಸಿರು ತುಂಬಾ ನಿಧಾನ ಆದರೆ, ತುಟಿ ನೀಲಿ ಆದರೆ ಯೋಚನೆ ಮಾಡದೆ 108.

ಈಗ ಇಂಜಿನಿಯರ್ ತಮ್ಮನಿಗೆ. ಲೆಕ್ಕ ಬರುತ್ತೆ ತಾನೆ? ನಮ್ಮಲ್ಲಿ ಸಿಗುವ ವಿಸ್ಕಿ, ರಮ್ಮಿನಲ್ಲಿ ನೂರಕ್ಕೆ 42.8 ಭಾಗ ಆಲ್ಕೋಹಾಲ್. ಸ್ಟ್ರಾಂಗ್ ಬಿಯರ್‌ನಲ್ಲಿ 8ರವರೆಗೆ. 650 ಎಂಎಲ್ ಬಾಟಲಿ ಒಂದಕ್ಕೆ ಎಷ್ಟಾಯ್ತು ಹಾಕಿ ನೋಡು.

ಕೊನೇ ಬೆಂಚು · ಸೋಮವಾರ 5:41

650ರ ನೂರಕ್ಕೆ 8 ಅಂದರೆ 52 ಎಂಎಲ್. 30ರ ಪೆಗ್ಗಿನಲ್ಲಿ ಸುಮಾರು 13.

ಒಂದು ಬಿಯರ್ ಅಂದರೆ ನಾಲ್ಕು ಪೆಗ್ಗಾ??

ರಾತ್ರಿ ಪಾಳಿ · ಸೋಮವಾರ 5:45

ಹ್ಞೂಂ. "ಬಿಯರ್ ಅಷ್ಟೇ ಸಿಸ್ಟರ್, ಎಣ್ಣೆ ಹೊಡೆದಿಲ್ಲ" ಅಂತ ಹಲ್ಲು ಮುರಿದುಕೊಂಡು ಬರುವವರಿಗೆಲ್ಲ ಈ ಲೆಕ್ಕ ಹೇಳಿ ಹೇಳಿ ಸಾಕಾಗಿದೆ. ಎರಡು ಬಿಯರ್ ಕುಡಿದವನು ಎಂಟು ಪೆಗ್ ಕುಡಿದವನು. ಅವನ ಲಿವರ್ ಮಾರನೇ ಬೆಳಗಿನವರೆಗೂ ದುಡಿಯುತ್ತಲೇ ಇರುತ್ತೆ. ರಾತ್ರಿ ಮಲಗಿ ಎದ್ದೆ, ಇಳಿದಿದೆ ಅಂತ ಆರು ಗಂಟೆಗೆ ಬೈಕ್ ಹತ್ತುತ್ತಾನೆ. ರಕ್ತದಲ್ಲಿ 100 ಎಂಎಲ್‌ಗೆ 30 ಮಿಲಿಗ್ರಾಂ ದಾಟಿದರೆ ಕೇಸು. ಮೊದಲ ಸಲಕ್ಕೇ 10,000 ದಂಡ, ಇಲ್ಲಾ ಆರು ತಿಂಗಳು ಜೈಲು, ಇಲ್ಲಾ ಎರಡೂ. ದಂಡ ಕಟ್ಟುವವರು ಅದೃಷ್ಟವಂತರು. ನನ್ನ ಹತ್ತಿರ ಬರುವವರು ದಂಡ ಕಟ್ಟಲೂ ಆಗದವರು.

ವಯಸ್ಸಿನ ವಿಷಯ ಕೇಳಿದರೆ, ನಾನು ಇಳಿಸಬೇಡಿ ಅನ್ನುವವಳು. ಮೆದುಳಿನಲ್ಲಿ "ಸಾಕು, ನಿಲ್ಲಿಸು" ಅನ್ನುವ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಹತ್ತಿರ. ಬ್ರೇಕ್ ಇನ್ನೂ ಕೂರಿಸದ ಗಾಡಿಗೆ ಪೆಟ್ರೋಲ್ ತುಂಬಿಸಿದ ಹಾಗೆ. ಇವತ್ತು ರಾತ್ರಿ ಡ್ಯೂಟಿ ಇದೆ, ಬರ್ತೀನಿ.

ಬೇಲೂರಿನವನು, ಈಗ ಜರ್ಮನಿ · ಸೋಮವಾರ ರಾತ್ರಿ 11:30

ಸ್ಟಟ್‌ಗಾರ್ಟ್‌ನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಇಲ್ಲಿ 16ಕ್ಕೆ ಬಿಯರ್, ವೈನ್. ವಿಸ್ಕಿ, ವೋಡ್ಕಾ ಥರದ್ದಕ್ಕೆ 18. ಮೊದಲ ವರ್ಷ ನನಗೂ ಶಾಕ್. ಮೆಟ್ರೋದಲ್ಲಿ ಮೀಸೆ ಮೂಡದ ಹುಡುಗರ ಕೈಯಲ್ಲಿ ಬಿಯರ್ ಬಾಟಲಿ!

ಆದರೆ ಇಲ್ಲಿ ಗೆರೆಯನ್ನು ಇನ್ನೊಂದು ಜಾಗದಲ್ಲಿ ಎಳೆದಿದ್ದಾರೆ. 21 ಆಗುವವರೆಗೆ ಗಾಡಿ ಓಡಿಸುವವನ ರಕ್ತದಲ್ಲಿ ಮದ್ಯ ಸೊನ್ನೆ ಇರಬೇಕು. ಹೊಸ ಲೈಸೆನ್ಸ್ ಪಡೆದವರಿಗೆ ಮೊದಲ ಎರಡು ವರ್ಷವೂ ಸೊನ್ನೆ. ಬಾಟಲಿಗೆ 16, ಸ್ಟೇರಿಂಗಿಗೆ 21. ಮತ್ತೆ, ಸೂಪರ್ ಮಾರ್ಕೆಟ್‌ನಲ್ಲಿ ನನಗೆ 31 ಇದ್ದಾಗ ಐಡಿ ಕೇಳಿದ್ದಾರೆ. ನನ್ನ ಹೆಂಡತಿ ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾಳೆ.

ಹಾಗಂತ ಇಲ್ಲಿ ಎಲ್ಲ ಚೆನ್ನಾಗಿದೆ ಅಂತಲ್ಲ. ಕುಡಿತ ಇವರಿಗೂ ದೊಡ್ಡ ತಲೆನೋವೇ.

ಕಡೂರು ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 7:10

ಪಿಯು ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದವನು. ಜರ್ಮನಿ ಆಯ್ತು, ಅಮೆರಿಕದ ಕಥೆ ನಾನು ಹೇಳುತ್ತೇನೆ, ಯಾಕೆಂದರೆ ಓಟಿನ ವಾದ ಅಲ್ಲಿ ಒಮ್ಮೆ ಗೆದ್ದಿತ್ತು.

ಅಲ್ಲಿ 1971ರಲ್ಲಿ ಓಟಿನ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಅದೇ ಹುರುಪಿನಲ್ಲಿ ಬಹಳ ರಾಜ್ಯಗಳು ಕುಡಿಯುವ ವಯಸ್ಸನ್ನೂ ಇಳಿಸಿದವು. ನಮ್ಮ ಕೊನೇ ಬೆಂಚು ಹೇಳಿದ ಮಾತನ್ನೇ ಅಲ್ಲಿನ ಹುಡುಗರೂ ಹೇಳಿದ್ದರು. ಆಮೇಲೆ ರಸ್ತೆಯಲ್ಲಿ ಎಳೆಯರ ಸಾವು ನೋಡಿ ತಾಯಂದಿರು ಬೀದಿಗಿಳಿದರು. 1984ರಲ್ಲಿ ಕೇಂದ್ರ ಸರ್ಕಾರ ಒಂದು ಉಪಾಯ ಮಾಡಿತು. ವಯಸ್ಸು 21 ಮಾಡದ ರಾಜ್ಯಕ್ಕೆ ಹೆದ್ದಾರಿ ಅನುದಾನದಲ್ಲಿ ಕಡಿತ. 1988ರ ಹೊತ್ತಿಗೆ ಎಲ್ಲ ರಾಜ್ಯಗಳೂ 21ಕ್ಕೆ ಬಂದಿದ್ದವು. ಓಟು 18ಕ್ಕೇ ಉಳಿಯಿತು. ಅಂದರೆ ಎರಡಕ್ಕೂ ಒಂದೇ ವಯಸ್ಸು ಇರಲೇಬೇಕು ಅಂತೇನಿಲ್ಲ. ನಮ್ಮಲ್ಲೇ ಹುಡುಗನಿಗೆ ಮದುವೆ 21, ಓಟು 18. ಓಟು ನಮಗೂ 21 ಇತ್ತು, 1989ರಲ್ಲಿ 18 ಆಯ್ತು. ನಾನಾಗ ಮೊದಲ ಸಲ 18ರ ಹುಡುಗರಿಗೆ ಪಟ್ಟಿಯಲ್ಲಿ ಹೆಸರು ಬರೆಸಲು ಹೋಗಿದ್ದೆ.

ಇನ್ನೊಂದು, ಸಿಗರೇಟು. 2025ರಲ್ಲಿ ನಮ್ಮ ರಾಜ್ಯದಲ್ಲೇ ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದರು. ಬೀಡಿಗೆ 21, ಬ್ರಾಂದಿಗೆ 18 ಮಾಡಿದರೆ ಹುಡುಗರು ನಮ್ಮನ್ನು ನೋಡಿ ನಗುವುದಿಲ್ಲವೇ?

ಕೊನೇ ಬೆಂಚು · ಮಂಗಳವಾರ 8:30

ಮೇಷ್ಟ್ರೇ, ಒಪ್ಪಿದೆ, ಅಮೆರಿಕದ ವಿಷಯ ನನಗೆ ಗೊತ್ತಿರಲಿಲ್ಲ. ಆದರೆ ಒಂದು ದೇಶದಲ್ಲೇ ಗೋವಾದಲ್ಲಿ 18, ಇಲ್ಲಿ 21, ಕೇರಳದಲ್ಲಿ 23, ಪಂಜಾಬಲ್ಲಿ 25, ಬಿಹಾರ, ಗುಜರಾತಲ್ಲಿ ಪಾನನಿಷೇಧ. ಕಾಸರಗೋಡಿನ 21ರ ಹುಡುಗ ಮಂಗಳೂರಿಗೆ ಬಂದರೆ ದೊಡ್ಡವನು, ವಾಪಸ್ ಹೋದರೆ ಚಿಕ್ಕವನು. ರೈಲಿನಲ್ಲಿ ಒಂದು ಗಂಟೆ ದಾರಿ. ಮೆದುಳು ತಲಪಾಡಿ ಗಡಿ ದಾಟಿದ ತಕ್ಷಣ ಬಲಿಯುತ್ತಾ?

ಕರಿಕೋಟು · ಮಂಗಳವಾರ 9:02

ಒಳ್ಳೆ ಪಾಯಿಂಟು. ಮದ್ಯ ಸಂವಿಧಾನದಲ್ಲಿ ರಾಜ್ಯಗಳ ಪಟ್ಟಿಯಲ್ಲಿದೆ, ಅದಕ್ಕೇ ಹೀಗೆ. ನೀನು ಇಂಜಿನಿಯರಿಂಗ್ ಬಿಟ್ಟು ಲಾ ಸೇರು.

ಬಟವಾಡೆ, ಮೂಡಿಗೆರೆ · ಮಂಗಳವಾರ 12:20

ನೀವೆಲ್ಲ ಕಾಲೇಜು ಹುಡುಗರ ಬಗ್ಗೆಯೇ ಮಾತಾಡುತ್ತಿದ್ದೀರಿ. ನಾನು ಒಂದು ಎಸ್ಟೇಟಿನಲ್ಲಿ ರೈಟರ್, ಲೆಕ್ಕ ಬರೆಯುವವನು. 18, 19ರ ಹುಡುಗರು ನಮ್ಮ ಕೂಲಿಯವರ ಲೈನ್ ಮನೆಗಳಲ್ಲೂ ಇದ್ದಾರೆ. ಅವರು ಯಾರೂ ಈ ಚರ್ಚೆ ಓದಲ್ಲ.

ಬಟವಾಡೆ ದಿನ ಕೈಗೆ ಕೂಲಿ ಬರುತ್ತೆ. ಸಂತೆಗೆ ಜೀಪಿನಲ್ಲಿ ಹೋಗುತ್ತಾರೆ. ಹೆಂಗಸರು ಅಕ್ಕಿ, ಒಣಮೀನು ಅಂತ ಸಂತೆಯ ಒಳಗೆ. ಗಂಡಸರು ಬಾರಿನ ಒಳಗೆ. ಕಾಫಿ ಕೊಯ್ಲಿನಲ್ಲಿ ಕೂಲಿ ಜಾಸ್ತಿ, ಹಾಗೇ ಬಾರಿನ ಮುಂದೆ ಜನವೂ ಜಾಸ್ತಿ. 17ರ ಹುಡುಗ ದೊಡ್ಡಾಳಿನ ಸಮ ಕೊಯ್ಯುತ್ತಾನೆ. ಸಂಜೆ ದೊಡ್ಡಾಳಿನ ಸಮ ಕುಡಿಯುತ್ತಾನೆ. "ದುಡಿಯಾಕೆ ದೊಡ್ಡೋನು, ಕುಡಿಯಾಕೆ ಸಣ್ಣೋನಾ ಸಾಹುಕಾರ್ರೆ?" ಅಂತ ನನ್ನನ್ನೇ ಕೇಳಿದವನಿದ್ದಾನೆ.

ನನ್ನ ಅಜ್ಜನ ಕಾಲದಲ್ಲಿ ಹೆಂಡ ಇಳಿಸಲು ಬಗನಿ ಮರಕ್ಕೆ ಮಡಕೆ ಕಟ್ಟುತ್ತಿದ್ದರು. ನನ್ನ ಕಾಲಕ್ಕೆ ಪ್ಯಾಕೆಟ್ ಸಾರಾಯಿ ಬಂತು. ಕಾಫಿ ಗಿಡದ ಬುಡ ಬಿಡಿಸಲು ಹೋದರೆ ಎಲೆ ಗೊಬ್ಬರದ ಕೆಳಗೆ ಖಾಲಿ ಪ್ಯಾಕೆಟ್ಟುಗಳ ಹಾಸಿಗೆ. 2007ರ ಜುಲೈ 1ಕ್ಕೆ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಹೆಂಗಸರು ಆವತ್ತು ಲೈನಿನಲ್ಲಿ ಪಾಯಸ ಮಾಡಿದ್ದರು, ನನಗೂ ಒಂದು ಲೋಟ ಕೊಟ್ಟರು. ಒಂದು ವಾರ ಗಂಡಸರು ಮಂಕಾಗಿ ಓಡಾಡಿದರು. ಆಮೇಲೆ ಕಡಿಮೆ ರೇಟಿನ ವಿಸ್ಕಿ ಹುಡುಕಿಕೊಂಡರು. ಈಗ ಅದೇ ಗಿಡದ ಬುಡದಲ್ಲಿ 90 ಎಂಎಲ್ ಟೆಟ್ರಾ ಪ್ಯಾಕು ಸಿಗುತ್ತೆ. ನೋಡಲು ಮಕ್ಕಳ ಜ್ಯೂಸ್ ಡಬ್ಬಿ ಹಾಗೇ ಇರುತ್ತೆ. ಲೈನಿನ ಒಂದು ಚಿಕ್ಕ ಮಗು ಅದಕ್ಕೆ ಕಡ್ಡಿ ಚುಚ್ಚಿ ಚೀಪುತ್ತಾ ಕೂತಿದ್ದನ್ನು ನಾನೇ ಕಿತ್ತುಕೊಂಡಿದ್ದೇನೆ. ಖಾಲಿ ಇತ್ತು, ದೇವರು ದೊಡ್ಡವನು.

ವಯಸ್ಸು ಇಳಿಸಿದರೆ ನಮ್ಮಲ್ಲಿ ಏನೂ ಬದಲಾಗಲ್ಲ. ಏರಿಸಿದರೂ ಬದಲಾಗಲ್ಲ. ಬಟವಾಡೆಯನ್ನು ಹೆಂಡತಿ ಕೈಗೆ, ತಾಯಿ ಕೈಗೆ ಕೊಡುವ ಏರ್ಪಾಡು ಮಾಡಿದ ತೋಟಗಳಲ್ಲಿ ಸ್ವಲ್ಪ ಬದಲಾಗಿದ್ದನ್ನು ನೋಡಿದ್ದೇನೆ.

ಮಲ್ಲಿಗೆ ಸಂಘ, ಅರಕಲಗೂಡು · ಮಂಗಳವಾರ 3:45

ಬಟವಾಡೆ ಅಣ್ಣ ಬರೆದದ್ದು ಓದಿ ಸುಮ್ಮನಿರಲು ಆಗಲಿಲ್ಲ. ನಾನು ಸ್ತ್ರೀಶಕ್ತಿ ಸಂಘದವಳು. ಇಬ್ಬರು ಗಂಡುಮಕ್ಕಳ ತಾಯಿ, ದೊಡ್ಡವನಿಗೆ 19.

ನೀವು ಅಂಗಡಿ, ಕಾನೂನು, ಅಮೆರಿಕ ಎಲ್ಲ ಹೇಳಿದಿರಿ. ನನ್ನ ಮಗ ಮೊದಲ ಸಲ ಕುಡಿದದ್ದು ಎಲ್ಲಿ ಗೊತ್ತಾ? ನಮ್ಮ ಅಣ್ಣನ ಮಗಳ ಬೀಗರೂಟದಲ್ಲಿ. ಶಾಮಿಯಾನದ ಹಿಂದೆ, ಅಡುಗೆ ಭಟ್ಟರ ಸೌದೆ ರಾಶಿ ಪಕ್ಕ ಟೇಬಲ್ ಹಾಕಿದ್ದರು. ಮಟನ್ ಬೇಯುವ ಹೊತ್ತಿಗೆ ಗಂಡಸರೆಲ್ಲ ಅಲ್ಲಿ. ಅವನ ಸ್ವಂತ ಸೋದರಮಾವ ಲೋಟ ಕೈಗಿಟ್ಟು, "ಕುಡೀಲಾ, ಗಂಡಸಲ್ವಾ ನೀನು" ಅಂದನಂತೆ. ಆಗ ಅವನಿಗೆ 16. ಅವನು ವಾಂತಿ ಮಾಡಿಕೊಂಡಾಗ ಅಲ್ಲಿದ್ದವರೆಲ್ಲ ನಕ್ಕರು. ನಾನು ಅತ್ತೆ. ನಮ್ಮಣ್ಣ "ಅದಕ್ಕೆಲ್ಲ ಅಳ್ತಾರೇನಮ್ಮಾ" ಅಂದ.

ವಕೀಲರೇ, ನೀವು ಹೇಳಿದ 77ನೇ ಕಲಂ ನನಗೆ ಆವತ್ತು ಗೊತ್ತಿದ್ದರೂ ಅಣ್ಣನ ಮೇಲೆ ಕಂಪ್ಲೇಂಟ್ ಕೊಡುತ್ತಿದ್ದೆನಾ? ಇಲ್ಲ. ಯಾವ ಹೆಣ್ಣುಮಗಳೂ ತವರು ಮನೆಯವರ ಮೇಲೆ ಕೊಡಲ್ಲ.

ಆದರೂ 21 ಇರಲಿ ಅನ್ನುತ್ತೇನೆ. ಯಾಕೆ ಹೇಳ್ತೀನಿ. ಮಗನಿಗೆ "ಬೇಡ" ಅನ್ನಲು ನನಗೆ ಏನಾದರೂ ಒಂದು ಹಿಡಿಕೆ ಬೇಕು. "ಸರ್ಕಾರವೇ ಬೇಡ ಅಂದಿದೆ ಕಣೋ" ಅನ್ನಬಹುದು ಈಗ. 18 ಮಾಡಿದರೆ ಅವನು "ಸರ್ಕಾರವೇ ಕುಡಿ ಅಂದಿದೆ ಕಣಮ್ಮ" ಅನ್ನುತ್ತಾನೆ. ಸರ್ಕಾರ ಯಾಕೆ ಅನ್ನಲ್ಲ ಹೇಳಿ? 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ಬರಬೇಕು ಅಂತ ಲೆಕ್ಕ ಹಾಕಿಕೊಂಡಿದ್ದಾರೆ. ಆ ದುಡ್ಡು ನಮ್ಮ ಗಂಡಂದಿರ ಜೇಬಿನಿಂದಲೇ ಹೋಗಬೇಕು. ಸಾಲದೆ ಬಂದರೆ ಮಕ್ಕಳ ಜೇಬು.

ಕೊಟ್ಟಿಗೆಹಾರ ಮಂಜು · ಮಂಗಳವಾರ 4:00

ಅಕ್ಕ, ಈ ಸಲ ತಮಾಷೆ ಮಾಡಲ್ಲ. ನಮ್ಮ ಕಡೆಯೂ ಹಾಗೇ.

ಗಿರಿ ಕಾವಲು, ಚಿಕ್ಕಮಗಳೂರು · ಮಂಗಳವಾರ 6:15

ಎಲ್ಲದಕ್ಕೂ ಈ ಹೋಂಸ್ಟೇಯವರೇ ಕಾರಣ. ದುಡ್ಡಿನಾಸೆಗೆ ಊರಿಗೆ ಕುಡುಕರನ್ನು ಕರೆಸಿ ಬೆಂಕಿ ಹಾಕಿ ಕುಣಿಸುವುದು. ಮುಳ್ಳಯ್ಯನಗಿರಿ ದಾರಿಯಲ್ಲಿ ಭಾನುವಾರ ಬೆಳಿಗ್ಗೆ ನಾವು ಹುಡುಗರು ಚೀಲ ಹಿಡಿದು ಬಾಟಲಿ ಆಯುತ್ತೇವೆ. ಹುಲ್ಲಿನಲ್ಲಿ ಒಡೆದ ಗಾಜು. ದನದ ಕಾಲಿಗೆ ಚುಚ್ಚಿ ಕೀವು ಆಗಿದ್ದನ್ನು ನೋಡಿದ್ದೀರಾ? ಮೊದಲು ನಿಮ್ಮ ಮನೆ ಸರಿ ಮಾಡಿಕೊಳ್ಳಿ, ಆಮೇಲೆ ಕಾನೂನಿನ ಮಾತು.

ಕಾಫಿಕಣ · ಮಂಗಳವಾರ 7:30

ಕೋಪ ಬಂತು, ಆದರೆ ನೀವು ಹೇಳಿದ್ದು ಅರ್ಧ ನಿಜ. ಕಾಫಿ ರೇಟು ಬಿದ್ದ ವರ್ಷ ಈ ನಾಲ್ಕು ಕೋಣೆಯೇ ನಮ್ಮ ಮನೆ ನಡೆಸಿದ್ದು. ಸಂಸಾರ ಸಮೇತ ಬಂದು ಮಳೆ ನೋಡಿ, ಅಕ್ಕಿ ರೊಟ್ಟಿ ತಿಂದು, ಒಂದು ಮಾತು ಜೋರಾಗಿ ಆಡದೆ ಹೋಗುವವರೂ ಬರುತ್ತಾರೆ. ಅವರು ವರ್ಷಕ್ಕೊಮ್ಮೆ. ಹುಡುಗರ ಗುಂಪು ಪ್ರತಿ ವಾರ.

ಕೊನೇ ಬೆಂಚು · ಮಂಗಳವಾರ ರಾತ್ರಿ 11:50

ನಿನ್ನೆಯಿಂದ ಜೋರಾಗಿ ಮಾತಾಡಿದ್ದು ನಾನೇ, ಹಾಗಾಗಿ ಒಂದು ವಿಷಯ ಹೇಳಬೇಕು.

ಹೋದ ವರ್ಷ ನನ್ನ ರೂಂಮೇಟ್ ಲೇಔಟಿನಿಂದ ವಾಪಸ್ ಬರುವಾಗ ಬೈಪಾಸಿನಲ್ಲಿ ಡಿವೈಡರಿಗೆ ಹೊಡೆದ. ಹಿಂದೆ ಕೂತಿದ್ದು ನಾನು. ನನಗೆ ಮೊಣಕೈ ತರಚಿತು ಅಷ್ಟೇ. ಅವನಿಗೆ ಕಾಲಲ್ಲಿ ರಾಡು, ಒಂದು ಸೆಮಿಸ್ಟರ್ ಹೋಯ್ತು. ಅವನ ಅಪ್ಪ ಹೊಳೆನರಸೀಪುರ ಕಡೆಯವರು, ರಾಗಿ ಮಾರಿದ ದುಡ್ಡು ತಂದು ಕಟ್ಟಿದರು. ಆಸ್ಪತ್ರೆಯಲ್ಲಿ "ಎಷ್ಟು ಕುಡಿದಿದ್ರಿ?" ಅಂತ ಕೇಳಿದಾಗ ನಾನು "ಬಿಯರ್ ಅಷ್ಟೇ ಸಿಸ್ಟರ್" ಅಂದಿದ್ದೆ. ರಾತ್ರಿ ಪಾಳಿ ಅಕ್ಕ, ಅದು ನೀವೇ ಆಗಿದ್ದರೂ ಆಗಿರಬಹುದು. ನಿನ್ನೆ ಲೆಕ್ಕ ಹಾಕಿ ನೋಡಿದೆ. ಅವನು ಎಂಟು ಪೆಗ್ಗಿನ ಮೇಲೆ ಗಾಡಿ ಓಡಿಸಿದ್ದ.

18 ಆಗಬೇಕು ಅನ್ನುವುದನ್ನು ಬಿಟ್ಟಿಲ್ಲ. ಆದರೆ ಜರ್ಮನಿ ಅಣ್ಣ ಹೇಳಿದ ಹಾಗೆ ಸ್ಟೇರಿಂಗಿಗೆ ಬೇರೆ ವಯಸ್ಸು ಇಟ್ಟರೆ ನನ್ನ ಒಪ್ಪಿಗೆ ಇದೆ. ಬಿಯರ್ ಬಾಟಲಿ ಮೇಲೆ ನೂರಕ್ಕೆ ಎಷ್ಟು ಅಂತ ಬರೆಯುವ ಬದಲು ಎಷ್ಟು ಪೆಗ್ ಅಂತ ಬರೆಯಲಿ.

ರಾತ್ರಿ ಪಾಳಿ · ಬುಧವಾರ ಬೆಳಿಗ್ಗೆ 8:20

ಡ್ಯೂಟಿ ಮುಗಿಸಿ ಈಗ ನೋಡಿದೆ. ನಾನೇನಾ, ಬೇರೆಯವರಾ ಗೊತ್ತಿಲ್ಲ ಪುಟ್ಟ. ಎಲ್ಲರೂ ಅದನ್ನೇ ಹೇಳುತ್ತೀರಿ. ಗೆಳೆಯನ ಕಾಲು ಈಗ ಹೇಗಿದೆ?

ಕೊನೇ ಬೆಂಚು · ಬುಧವಾರ 8:25

ಓಡಾಡ್ತಾನೆ ಅಕ್ಕ. ಸ್ವಲ್ಪ ಕುಂಟುತ್ತಾನೆ. ವಾಲಿಬಾಲ್ ಬಿಟ್ಟ.

ಮಲ್ಲಿಗೆ ಸಂಘ, ಅರಕಲಗೂಡು · ಬುಧವಾರ 9:40

ಯಾರ ಮನೆಯಲ್ಲಾದರೂ ಬಿಡಲಾಗದ ಹಾಗೆ ಕುಡಿಯುವವರಿದ್ದರೆ 14446ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ. ನಮ್ಮ ಕಡೆ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳೂ ನಡೆಯುತ್ತವೆ. ನಮ್ಮ ಸಂಘದಿಂದ ಇಬ್ಬರ ಗಂಡಂದಿರನ್ನು ಸೇರಿಸಿದ್ದೆವು. ಒಬ್ಬರು ಬಿಟ್ಟಿದ್ದಾರೆ. ಇನ್ನೊಬ್ಬರು ಬಿಟ್ಟಿದ್ದಾರೆ, ಮತ್ತೆ ಹಿಡಿದಿದ್ದಾರೆ, ಮತ್ತೆ ಬಿಟ್ಟಿದ್ದಾರೆ.

ಕಾಫಿಕಣ · ಶುಕ್ರವಾರ ರಾತ್ರಿ 8:15

ಎಲ್ಲರಿಗೂ ಥ್ಯಾಂಕ್ಸ್. ಇನ್ನೂ ಒಂದು ಕಡೆಗೆ ಬಂದಿಲ್ಲ ನಾನು. ಆದರೆ ಮನೆಯವಳು ಬಂದಿದ್ದಾಳೆ. ಬುಕಿಂಗ್ ಫೋನು ಈಗ ಅವಳ ಕೈಯಲ್ಲಿದೆ. ಒಬ್ಬನಿಗೆ 21 ಆಗಿಲ್ಲ ಅಂದರೂ ಇಡೀ ಗುಂಪಿಗೆ ಬಾಟಲಿ ಇಲ್ಲ, ಗೇಟಿನಲ್ಲೇ ಡಿಕ್ಕಿ ನೋಡುತ್ತೇನೆ ಅಂತ ಮೊದಲೇ ಹೇಳುತ್ತಾಳೆ. ಈ ವಾರ ಎರಡು ಬುಕಿಂಗ್ ಹೋಯ್ತು. ಮಗ್ಗುಲಾಗಿ ಮಲಗಿಸುವುದನ್ನು ನನ್ನ ಮೇಲೆ ಎರಡು ಸಲ ಅಭ್ಯಾಸ ಮಾಡಿದಳು.

ನಾಳೆ ಹಾಸನದಿಂದ ಐದು ಹುಡುಗರು ಬರುತ್ತಿದ್ದಾರೆ, ಎಲ್ಲರಿಗೂ 20ರೊಳಗೆ. ಷರತ್ತು ಕೇಳಿ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲವಂತೆ. ಆಮೇಲೆ ಒಬ್ಬ ಅಂದನಂತೆ, "ಸರಿ ಆಂಟಿ, ನಾವು ಏನೂ ತರಲ್ಲ. ನಿಮ್ಮಲ್ಲಿ ಮನೆಯಲ್ಲೇ ಮಾಡಿದ ವೈನ್ ಸಿಗುತ್ತಲ್ವಾ?"